ಅಂಬುಜಾಳ ಹೆಸರಿನ ಪ್ರತಿ

ಹುಬ್ಬಳ್ಳಿ
9 ಜೂನ್ 2024

ಅಂಬು,

ಪೋಸ್ಟಿನಲ್ಲಿ ಕಾಗದ ಬಂತೆಂದು ಹೌಹಾರಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಮ್ಮ ಯಜಮಾನರು, ಅಪ್ಪಣ್ಣ ಡ್ರೈವರ್ ಸಾಹೇಬರು, ರಿಟೈರಾಗಿ ಎರಡು ವರ್ಷವಾದರೂ ನಸುಕಿನಲ್ಲೆದ್ದು ಬೂಟು ಹುಡುಕುತ್ತಾರೆ. "ಎಲ್ಲಿಗ್ರೀ ಸವಾರಿ?" ಅಂದರೆ ಪೆಚ್ಚಾಗಿ ಮತ್ತೆ ಮಲಗುತ್ತಾರೆ. ಅಷ್ಟೇ ಸುದ್ದಿ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೈದುನನ ಮಗ ನಿಖಿಲ್ ಒಂದು ಮಾಸಪತ್ರಿಕೆ ಶುರು ಮಾಡಿದ್ದಾನೆ. ಹೆಸರು 'ನಿಮಗಷ್ಟೇ'. ಎಲ್ಲರಿಗೂ ಅದೇ ಪತ್ರಿಕೆ ಅಲ್ಲ ಮಾರಾಯತಿ, ಒಬ್ಬೊಬ್ಬರಿಗೆ ಒಂದೊಂದು! ನಿನಗೆ ಏನು ಬೇಕೋ ಅದನ್ನೇ ಆರಿಸಿ, ಜೋಡಿಸಿ, ನಿನ್ನದೇ ಒಂದು ಪ್ರತಿ ಅಚ್ಚು ಹಾಕಿ ಕಳಿಸುವುದು. ಪ್ರತಿ ಪುಟದ ಕೆಳಗೆ ನಿನ್ನ ಹೆಸರಿರುತ್ತದೆ. ಓದುಗರ ಕಾಗದ ಓದಿ, ಯಾರಿಗೆ ಏನು ಹಾಕಬೇಕು ಎಂದು ಆರಿಸುವ ಕೆಲಸ ನನ್ನದು. ಈ ವಯಸ್ಸಿನಲ್ಲಿ ನಾನು ಸಂಪಾದಕಿ ಕಣೇ, ನಗಬೇಡ.

ನಮ್ಮ ಅಜ್ನಿ ರೈಲ್ವೆ ಕ್ವಾರ್ಟರ್ಸಿನ ಗುರುವಾರದ ಚೀಲ ನೆನಪಾಗಿ ನಗು ಬರುತ್ತದೆ. ಏಳು ಕನ್ನಡದ ಮನೆ, ತರಿಸುವುದು ಒಂದೋ ಎರಡೋ ಪತ್ರಿಕೆ. ಚೀಲದಲ್ಲಿ ಹಾಕಿ ಮನೆಯಿಂದ ಮನೆಗೆ ದಾಟಿಸುವುದು, ಓದಿದವರು ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ತಮ್ಮ ಅಕ್ಷರ ಹಾಕುವುದು. ನನ್ನ ಮನೆಗೆ ಬರುವ ಹೊತ್ತಿಗೆ ಅಡುಗೆಯ ಪುಟ ಯಾರೋ ಕತ್ತರಿಸಿಕೊಂಡಿರುತ್ತಿದ್ದರು, ಪದಬಂಧವನ್ನು ಪ್ರೇಮಾ ಪೆನ್ನಿನಲ್ಲಿ ತಪ್ಪುತಪ್ಪಾಗಿ ತುಂಬಿಟ್ಟಿರುತ್ತಿದ್ದಳು. ಇನ್ನು ನಿನಗೆ ಆ ಕಾಟವಿಲ್ಲ.

ಬರೆದು ಕಳಿಸಬೇಕಾದದ್ದು ಇಷ್ಟು: ಏನು ಓದಲು ಇಷ್ಟ, ಏನು ಕಣ್ಣಿಗೆ ಬೀಳಬಾರದು, ಯಾರನ್ನೂ ಕೇಳಲಾಗದೆ ಉಳಿದದ್ದು ಏನಾದರೂ ಇದೆಯೇ. ಕೊನೆಯದನ್ನು ನಾನೊಬ್ಬಳೇ ಓದುತ್ತೇನೆ, ನಿನ್ನಾಣೆ.

ನಂದೀಶನಿಗೂ ನಿನ್ನ ಅತ್ತೆಗೂ ಕೇಳಿದೆನೆಂದು ಹೇಳು.

ನಿನ್ನ ಸುಲೋಚನಕ್ಕ


ನಾಗಪುರ
1 ಜುಲೈ 2024

ಸುಲೋಚನಕ್ಕನವರಿಗೆ ಅಂಬುಜಾಳ ನಮಸ್ಕಾರ.

ನೀವು ಹೋದಮೇಲೆ ನಿಮ್ಮ ಕ್ವಾರ್ಟರಿಗೆ ಛತ್ತೀಸಗಢದವರು ಬಂದಿದ್ದಾರೆ. ಒಳ್ಳೆಯ ಜನ. ಆದರೆ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವರು ಯಾರೂ ಇಲ್ಲ.

ನನಗೆ ಇಷ್ಟವಾದದ್ದು: ಕಥೆ, ಅದೂ ಅಳಿಸದಿರುವಂಥದ್ದು. ಹೊಲಿಗೆ. ಬೇರೆ ದೇಶದ ಜನ ಏನು ಉಣ್ಣುತ್ತಾರೆ, ಹೇಗೆ ಮನೆ ಕಟ್ಟುತ್ತಾರೆ ಅನ್ನುವಂಥದ್ದು. ಬೇಡವಾದದ್ದು: ಸೊಸೆಗೆ ಬುದ್ಧಿ ಹೇಳುವ ಲೇಖನ. ನನಗೇ ನಲವತ್ತೆಂಟು ವರ್ಷವಾಯಿತು, ಇನ್ನೂ ಎಷ್ಟು ಬುದ್ಧಿ ಕಲಿಯಲಿ?

ಕೇಳಲಾಗದ್ದು ಅಂತ ಏನೂ ಇಲ್ಲ. ಆದರೆ ಜಾಗ ಉಳಿದರೆ ಕಣ್ಣಿನ ವಿಷಯ ಏನಾದರೂ ಹಾಕಿ. ಸುಮ್ಮನೆ, ತಿಳಿದುಕೊಳ್ಳಲಿಕ್ಕೆ.

ಫೋನ್ ಮಾಡದೆ ಕಾಗದ ಬರೆದದ್ದು ಒಳ್ಳೆಯದಾಯಿತು. ಎರಡು ಕೋಣೆಯ ಮನೆಯಲ್ಲಿ ಫೋನಿನ ಮಾತು ಎಲ್ಲರ ಮಾತು. ನಮ್ಮವರು ಡ್ಯೂಟಿ ಮುಗಿಸಿ ಯಾವ ಹೊತ್ತಿಗೆ ಬಂದು ಮಲಗುತ್ತಾರೋ ಹೇಳಲಾಗದು.

ಅಂಬುಜಾ


ಹುಬ್ಬಳ್ಳಿ
18 ಆಗಸ್ಟ್ 2024

ಅಂಬು,

ಪತ್ರಿಕೆ ಸೇರಿತೇ? ಅಕ್ಷರ ದೊಡ್ಡದಾಗಿ ಹಾಕಿಸಿದ್ದೇನೆ, ನೋಡಿದೆಯಾ? ನೀನು ಬಾಯಿಬಿಡದಿದ್ದರೂ ನನಗೆ ತಿಳಿಯುವುದಿಲ್ಲವೇ! ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು ಎಲ್ಲರೂ ಒದ್ದಾಡುವವರೇ. ಅದಕ್ಕೇಕೆ ನಾಚಿಕೆ? ಚಾಳೀಸು ಬಂದರೆ ಯಾವ ಕನ್ನಡಕ, ಎಷ್ಟು ದೂರ ಹಿಡಿದು ಓದಬೇಕು, ಎಲ್ಲ ಹಾಕಿದ್ದೇನೆ. ಸೀತಾಬರ್ಡಿ ಪೇಟೆಗೆ ಹೋಗಿ ಒಂದು ಚಂದದ ಫ್ರೇಮು ಕೊಂಡುಬಿಡು. ಮುಖ ತುಂಬಿಕೊಂಡಿರುವವರಿಗೆ ಯಾವ ಫ್ರೇಮು ಒಪ್ಪುತ್ತದೆ ಅನ್ನುವುದೂ ಅದರಲ್ಲೇ ಇದೆ.

ಜಪಾನಿನವರ ಉಪ್ಪಿನಕಾಯಿ ಹೇಗಿತ್ತು? ಹುಡುಕಲು ಎರಡು ದಿನ ಹಿಡಿಯಿತು. ಇನ್ನೂರು ಓದುಗರಾಗಿದ್ದಾರೆ. ಒಬ್ಬರಿಗೆ ಹಾವಿನ ವಿಷಯ ಬಿಟ್ಟು ಬೇರೇನೂ ಬೇಡವಂತೆ. ಇನ್ನೊಬ್ಬರಿಗೆ ರಾಜಕೀಯ ಬೇಕು, ಆದರೆ ತಮ್ಮ ಪಕ್ಷ ಗೆದ್ದ ಸುದ್ದಿ ಮಾತ್ರ ಬೇಕಂತೆ! ನಿಖಿಲ್ "ದೊಡ್ಡಮ್ಮ, ಕೇಳಿದ್ದು ಕೊಡೋದ ನಮ್ಮ ಕೆಲಸ" ಅನ್ನುತ್ತಾನೆ. ನನಗೇನೋ ಅದು ಅಷ್ಟು ಸರಿ ಕಾಣುವುದಿಲ್ಲ. ಆದರೂ ಕೊಡುತ್ತೇನೆ.

ಸುಲೋಚನಕ್ಕ


ನಾಗಪುರ
6 ಅಕ್ಟೋಬರ್ 2024

ಅಕ್ಕ,

ಪತ್ರಿಕೆ ಎರಡೂ ತಿಂಗಳು ಬಂತು. ಹೇಗಿತ್ತು ಅಂದರೆ ಏನು ಹೇಳಲಿ? ಇಷ್ಟು ವರ್ಷದಲ್ಲಿ 'ನಿನಗೇನು ಬೇಕು' ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಪುಟದ ಕೆಳಗೆ 'ಅಂಬುಜಾ ನಂದೀಶ ಅವರಿಗಾಗಿ' ಎಂದು ಓದಿದಾಗ ಕಣ್ಣು ತುಂಬಿತು. ಒಂದೊಂದೇ ಪುಟ ಓದುತ್ತೇನೆ, ಮುಗಿದುಹೋಗುತ್ತದೆ ಅನ್ನುವ ಜಿಪುಣತನ.

ಗುರುವಾರದ ಚೀಲಕ್ಕೆ ಇದನ್ನು ಹಾಕಿಲ್ಲ. ಪ್ರೇಮಾ ವೈನಿ ಕೇಳಿದರು. "ನನ್ನ ಹೆಸರಿಂದು ಐತ್ರಿ" ಅಂದೆ. "ಹೆಸರಿದ್ರ ಏನಾತು, ಹೆಸರೇನ್ ಸವದು ಹೋಗತೈತಿ?" ಅಂದು ಮುಖ ತಿರುಗಿಸಿದರು. ಮರ್ಬತ್ ಹಬ್ಬದ ಮೆರವಣಿಗೆ ನೋಡಲು ಮಹಾಲ್ ಪೇಟೆಗೆ ಎಲ್ಲರೂ ಹೋದಾಗ ನನ್ನನ್ನು ಕರೆಯಲಿಲ್ಲ. ಇರಲಿ.

ಕಣ್ಣು ನನ್ನದಲ್ಲ ಅಕ್ಕ. ನನಗೆ ಚೆನ್ನಾಗಿಯೇ ಕಾಣುತ್ತದೆ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಕರೆಂಟು ಹೋಯಿತು. ನಮ್ಮವರು ಎದ್ದು ಬಾಗಿಲಿಗೆ ಹೋಗುತ್ತೇನೆಂದು ಗೋಡೆಗೆ ಹೋದರು. ಹೊರಗೆ ಇನ್ನೂ ಬೆಳಕಿತ್ತು, ನನಗೆ ಬಾಗಿಲು ಕಾಣುತ್ತಿತ್ತು. ಆಮೇಲೆ ಒಂದೊಂದಾಗಿ ಗಮನಿಸಿದೆ. ಮುಸ್ಸಂಜೆಯಾದರೆ ಲೋಟದ ಪಕ್ಕಕ್ಕೆ ನೀರು ಹೊಯ್ಯುತ್ತಾರೆ. ಸ್ಕೂಟರ್ ಮನೆಯಲ್ಲೇ ಬಿಟ್ಟು ಡ್ಯೂಟಿಯ ಹಾಜರಿ ಹಾಕಲು ಲಾಬಿಗೆ ಯಾರದೋ ಹಿಂದೆ ಕೂತು ಹೋಗುತ್ತಾರೆ. ಡಾಕ್ಟರಿಗೆ ತೋರಿಸಿ ಅಂದೆ ಒಮ್ಮೆ. "ಧೂಳು ಕೂತೈತಿ, ಮತ್ತೇನಿಲ್ಲ. ನನ್ನ ನೌಕರಿ ತೆಗೀಬೇಕಂತ ಮಾಡಿಯೇನು?" ಎಂದು ಗದರಿಸಿದರು. ನಾನು ಬಾಯಿ ಮುಚ್ಚಿಕೊಂಡೆ.

ಗಾಡಿಯಲ್ಲಿ ಸಿಗ್ನಲ್ ಕಂಡಾಗ ಡ್ರೈವರ್, ಅಸಿಸ್ಟೆಂಟ್ ಇಬ್ಬರೂ ಬಾಯಿಬಿಟ್ಟು ಬಣ್ಣ ಹೇಳಬೇಕಲ್ಲ, ನಿಮಗೆ ಗೊತ್ತಿದ್ದದ್ದೇ. ಮೊನ್ನೆ ನಗುತ್ತ ಅಂದರು: "ಅಂವ ಹಸಿರು ಅಂತಾನ, ನಾ ಹಸಿರು ಅಂತೀನಿ. ಅಂವ ಕೆಂಪು ಅಂದ್ರ ನಾನೂ ಕೆಂಪು." ನಾನೂ ನಕ್ಕೆ. ಆಮೇಲೆ ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತುಹೋಯಿತು. ಅವರು ಕಾಣದೆಯೇ ಹೇಳುತ್ತಿದ್ದಾರೆ.

ರಾತ್ರಿ ಡ್ಯೂಟಿಗೆ ಹೋದರೆಂದರೆ ಅವರು ತಿರುಗಿ ಬರುವವರೆಗೂ ನನ್ನ ಜೀವದಲ್ಲಿ ಜೀವವಿರುವುದಿಲ್ಲ. ಇದು ಮದ್ದಿನಿಂದ ವಾಸಿಯಾಗುವಂಥದ್ದೇ? ಯಾರಿಗೂ ಗೊತ್ತಾಗದಂತೆ ತೋರಿಸಬಹುದೇ? ಕೆಲಸ ಹೋದರೆ ಅವರು ಉಳಿಯುವುದಿಲ್ಲ ಅಕ್ಕ. ಎಂಜಿನ್ನು ಬಿಟ್ಟರೆ ಬೇರೆ ಪ್ರಪಂಚವಿಲ್ಲ ಅವರಿಗೆ. ನಿಮ್ಮವರಿಗೂ ಹೇಳಬೇಡಿ. ಫೋನ್ ಮಾತ್ರ ಮಾಡಬೇಡಿ.

ಅಂಬುಜಾ


ಹುಬ್ಬಳ್ಳಿ
20 ಅಕ್ಟೋಬರ್ 2024

ಅಂಬು,

ನಿನ್ನ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಕನ್ನಡಕದ ಫ್ರೇಮಿನ ಬಗ್ಗೆ ಕುಣಿದಾಡಿ ಬರೆದೆನಲ್ಲ, ನನ್ನ ಬುದ್ಧಿಗಿಷ್ಟು! ಇವರಿಗೆ ಹೇಳಿಲ್ಲ. ಮೂವತ್ತು ವರ್ಷ ಡ್ರೈವರನ ಹೆಂಡತಿಯಾಗಿದ್ದವಳು ನಾನು. ಇವರು ಏನನ್ನುತ್ತಾರೆ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಅದನ್ನು ನಾನು ಬರೆಯುವುದಿಲ್ಲ. ನೀನು ಕೇಳಿದ್ದು ಮಾತ್ರ ಕೊಡುತ್ತೇನೆ.

ಇಲ್ಲಿ ಪರಿಚಯದ ಕಣ್ಣಿನ ಡಾಕ್ಟರಿದ್ದಾರೆ. ಹೆಸರು ಹೇಳದೆ ಎಲ್ಲ ಕೇಳಿಕೊಂಡು ಬಂದೆ. ಮುಂದಿನ ಸಂಚಿಕೆಯ ಮಧ್ಯದ ಪುಟಗಳು ಪೂರ್ತಿ ಅದಕ್ಕೇ. ಇರುಳಿನಲ್ಲಿ ಕಣ್ಣು ಮಂಜಾಗುವುದು ಏಕೆ, ಯಾವುದಕ್ಕೆ ಮದ್ದಿದೆ, ಯಾವುದಕ್ಕಿಲ್ಲ, ಗಾಡಿ ಓಡಿಸುವವರಾದರೆ ಏನು ಮಾಡಬೇಕು, ರೈಲ್ವೆಯಲ್ಲಿ ಬೇರೆ ಕೆಲಸ ಕೊಡುವ ಕಾನೂನು ಏನು, ಎಲ್ಲವೂ ನಿನಗೆ ನೇರ ಹೇಳಿದ ಹಾಗೆ ಬರೆದಿದ್ದೇನೆ. ಎಲ್ಲರಿಗೂ ಬರುವ ಪತ್ರಿಕೆಯಲ್ಲಿ ಇದು ಎಲ್ಲಿ ಸಿಗುತ್ತದೆ ಹೇಳು? ಓದು. ಸಾಧ್ಯವಾದರೆ ಅವನ ಕಣ್ಣಿಗೆ ಬೀಳುವ ಕಡೆ ಇಡು. ತಾನೇ ಓದಲಿ.

ಧೈರ್ಯವಾಗಿರು ಕೂಸೇ.

ಸುಲೋಚನಕ್ಕ


ಹುಬ್ಬಳ್ಳಿ
12 ಡಿಸೆಂಬರ್ 2024

ಅಂಬು,

ಒಂದು ಸಾಲೂ ಇಲ್ಲವಲ್ಲ ನಿನ್ನಿಂದ? ನವೆಂಬರ್ ಸಂಚಿಕೆ ಸೇರಿರಬೇಕು. ನಂದೀಶ ಓದಿದನೇ?

ಒಂದು ಖುಷಿಯ ಸುದ್ದಿ. ಹೋದ ವಾರ ಯಾರು ಫೋನ್ ಮಾಡಿದ್ದರು ಗೊತ್ತೇ? ಪ್ರೇಮಾ! ನಾನು ನಾಗಪುರ ಬಿಟ್ಟಮೇಲೆ ಅವಳ ದನಿ ಕೇಳಿದ್ದೇ ಇಲ್ಲ. 'ನಿಮಗಷ್ಟೇ' ಬಗ್ಗೆ ಎಷ್ಟೊಂದು ವಿಚಾರಿಸಿದಳು. "ಅಕ್ಕಾರ, ಅದರಾಗ ಇರೋದೆಲ್ಲಾ ಖರೇನ ಆ ಒಬ್ಬರ ಸಲುವಾಗೇ ಬರೆದದ್ದೇನ್ರಿ? ಎಲ್ಲಾರ ಪುಸ್ತಕದಾಗೂ ಅದ ಬರೋದಿಲ್ಲಾ?" ಅಂತ ಕೇಳಿದಳು. "ಬರೋದಿಲ್ಲವ್ವಾ! ಅಂಬುಜಾನ ಪುಸ್ತಕದಾಗಿನ ಒಂದೊಂದು ಸಾಲೂ ಅಕಿ ಬರೆದು ಕೇಳಿದ್ದಕ್ಕ ನಾ ಕೂತು ಹೊಂದಿಸಿದ್ದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಹೊಟ್ಟೆಕಿಚ್ಚು, ಮತ್ತೇನು! ಅವಳೂ ಚಂದಾ ಕಟ್ಟಿದರೆ ಆಶ್ಚರ್ಯವಿಲ್ಲ. ನೀನೇ ಹೇಳಿ ಹೊಗಳಿರಬೇಕು, ಅಲ್ಲವೇ?

ಜಲ್ದಿ ಬರೆ. ನನಗೆ ದಿಗಿಲು.

ಸುಲೋಚನಕ್ಕ


ನಾಗಪುರ
9 ಜನವರಿ 2025

ಸುಲೋಚನಕ್ಕನವರಿಗೆ,

ಪತ್ರಿಕೆ ಇನ್ನು ಕಳಿಸಬೇಡಿ.

ನವೆಂಬರಿನಲ್ಲಿ ನಾನು ತಂಗಿಯ ಮಗಳ ಮದುವೆಗೆ ವಾಡಿಗೆ ಹೋಗಿದ್ದೆ. ಆಗ ಪುಸ್ತಕ ಬಂದಿದೆ. ಗುರುವಾರ ಚೀಲ ಹಿಡಿದು ಬಂದವರಿಗೆ ನಮ್ಮ ಅತ್ತೆ ಕೊಟ್ಟು ಕಳಿಸಿದ್ದಾರೆ. ಅವರಿಗೆ ಓದಲು ಬರುವುದಿಲ್ಲ. ಪುಸ್ತಕ ಬಂದರೆ ಚೀಲಕ್ಕೆ ಹಾಕುವುದು, ಅಷ್ಟೇ ಅವರಿಗೆ ಗೊತ್ತು. ಸೊಸೆಗೆ ಮರೆತುಹೋಗಿದೆ, ನಾನು ನೆನಪಿಟ್ಟು ಕೊಟ್ಟೆ ಎಂದು ನನ್ನ ಮುಂದೆ ಹೆಮ್ಮೆಯಿಂದ ಹೇಳಿದರು.

ನಾನು ಬರುವಷ್ಟರಲ್ಲಿ ಪುಸ್ತಕ ಎಲ್ಲ ಮನೆ ಸುತ್ತಿ ಬಂದಿತ್ತು. ಹಿಂದಿನ ರಟ್ಟಿನ ಮೇಲೆ ಎಲ್ಲರ ಅಕ್ಷರವೂ ಇತ್ತು. ಪ್ರತಿ ಪುಟದ ಕೆಳಗೆ ನನ್ನ ಹೆಸರು. ಮಧ್ಯದ ಪುಟದಲ್ಲಿ 'ನಿಮ್ಮ ಮನೆಯವರು ರಾತ್ರಿ ಗಾಡಿ ಓಡಿಸುವವರಾದ್ದರಿಂದ' ಎಂದು ನೀವು ಬರೆದ ಸಾಲು. ಯಾರೂ ಏನೂ ಕೇಳಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲಿಸಿ ನನಗೆ ಮೊದಲು ಕೊಡ ಹಿಡಿಯಲು ಬಿಡುತ್ತಿದ್ದರು. ಅಷ್ಟೇ ಸಾಕಾಯಿತು ನನಗೆ.

ಪ್ರೇಮಾ ವೈನಿಯ ಯಜಮಾನರು ಲಕ್ಷ್ಮೀನಾರಾಯಣ ಸಾಹೇಬರು ಈಗ ಲಾಬಿಯ ಇನ್‌ಚಾರ್ಜ್. ಡ್ರೈವರುಗಳಿಗೆ ಡ್ಯೂಟಿ ಹಾಕುವವರೇ ಅವರು. ಇದು ನಿಮಗೆ ಗೊತ್ತಿರಲಿಲ್ಲ, ನಾನೂ ಬರೆದಿರಲಿಲ್ಲ. ನೀವು ಫೋನಿನಲ್ಲಿ ಒಂದೊಂದು ಸಾಲೂ ಅಂಬುಜಾಳಿಗೇ ಬರೆದದ್ದು ಅಂದಿರಿ. ಅದಾಗಿ ಎರಡೇ ದಿನಕ್ಕೆ ನಮ್ಮವರನ್ನು ಕರೆದು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕತ್ತಲೆ ಕೋಣೆಯಲ್ಲಿ ಕೂರಿಸಿ ನೋಡಿದರಂತೆ. ಗಾಡಿಗೆ ಅನ್‌ಫಿಟ್. ನರ ಸವೆಯುತ್ತ ಬಂದಿದೆಯಂತೆ, ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಈಗ ಹಗಲು ಹೊತ್ತು ಆಫೀಸಿನಲ್ಲಿ ಕೂತು ಬೇರೆ ಡ್ರೈವರುಗಳಿಗೆ ವಾಕಿಟಾಕಿ ಎಣಿಸಿ ಕೊಡುತ್ತಾರೆ.

ಸಾಹೇಬರು ಅವರಿಗೆ ಹೇಳಿದರಂತೆ: "ನಿನ್ನ ಹೆಂಡತಿ ಭಾಳ ಧೈರ್ಯದಾಕಿ, ನಂದೀಶ. ಪುಸ್ತಕ ಕಳಿಸಿ ತಿಳಿಸಿದ್ಲು." ಮನೆಗೆ ಬಂದು ಇವರು ಒಂದೇ ಮಾತು ಕೇಳಿದರು: "ಊರಿಗೆಲ್ಲಾ ಹಂಚಿದಿ?" ನಾನು ಇಲ್ಲ ಅನ್ನುವಷ್ಟರಲ್ಲಿ ಹೊರಗೆ ಹೋದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಅವ್ವನ ಜೊತೆ ಮಾತಾಡುತ್ತಾರೆ.

ನಿಮಗಷ್ಟೇ ಅಂದಿರಿ. ಆಣೆ ಇಟ್ಟಿರಿ. ಫೋನಿನಲ್ಲಿ ನೀವು ಕೊಚ್ಚಿಕೊಂಡದ್ದು ನನ್ನ ಮನೆ ಮುರಿಯಿತು.

ಅಂಬುಜಾ


ಹುಬ್ಬಳ್ಳಿ
16 ಜನವರಿ 2025

ಅಂಬು,

ನೀನು ಬರೆದದ್ದು ಇನ್ನೂ ಕಡಿಮೆಯಾಯಿತು. ಆ ದಿನ ಫೋನಿನಲ್ಲಿ ಮಾತಾಡಿದ್ದು ನೆನೆದರೆ ನಾಲಿಗೆ ಕಿತ್ತುಹಾಕಬೇಕು ಅನ್ನಿಸುತ್ತದೆ. ಪ್ರೇಮಾ ಸುಮ್ಮನಾದಳಲ್ಲ, ಹೊಟ್ಟೆಕಿಚ್ಚು ಅಂದುಕೊಂಡೆ! ಅವಳಿಗೆ ಎದೆ ಒಡೆದಿತ್ತು, ನನಗೆ ಪತ್ರಿಕೆಯ ಜಂಬ.

ಇವರಿಗೆ ಈಗ ಎಲ್ಲ ಹೇಳಿದೆ. ಮೊದಲು ಕೂಗಾಡಿದರು. ನಿನ್ನ ಮೇಲಲ್ಲ, ನನ್ನ ಮೇಲೆ. "ಗೊತ್ತಿದ್ದೂ ಎರಡು ತಿಂಗಳು ಪುಸ್ತಕ ಮಾಡಿಕೋತ ಕುಂತಿದ್ದಿ? ಅಷ್ಟೊತ್ತಿಗೆ ಏನರ ಆಗಿದ್ರ?" ಅಂದರು. ಅದಕ್ಕೆ ನಾನೇನು ಹೇಳಲಿ? ನೀನು ಕೇಳಿದ್ದನ್ನು ಕೊಟ್ಟೆ, 'ಮೊದಲು ಅವನನ್ನು ಗಾಡಿಯಿಂದ ಇಳಿಸು' ಅನ್ನುವ ಕೇಳದ ಮಾತು ಹೇಳಲಿಲ್ಲ. ಅಕ್ಕ ಅನ್ನಿಸಿಕೊಂಡವಳು ಹೇಳಬೇಕಾಗಿತ್ತು. ಸಂಪಾದಕಿಯಾಗಿ ಸುಮ್ಮನಾದೆ.

ನಿಖಿಲನಿಗೂ ಹೇಳಿದೆ. "ಓದೋರು ಒಬ್ಬರ ಅಂತ ಪತ್ರಿಕಿಗೆ ಏನ್ ಗೊತ್ತು, ದೊಡ್ಡಮ್ಮ" ಎಂದು ತಲೆ ಮೇಲೆ ಕೈಹೊತ್ತು ಕೂತ. ಇಷ್ಟು ದಿನ ಒಂದೊಂದು ಮನೆಗೆ ಒಂದೊಂದು ಗುಟ್ಟನ್ನು ಅಚ್ಚು ಹಾಕಿಸಿ, ಹೆಸರು ಬರೆದು, ಅಂಚೆಯವನ ಕೈಗೆ ಕೊಟ್ಟಿದ್ದೇವೆ. ಗುರುವಾರದ ಚೀಲದಿಂದಲೇ ವರ್ಷಗಟ್ಟಲೆ ಓದಿದವಳು ನಾನು, ನನಗಾದರೂ ಹೊಳೆಯಬೇಡವೇ? ಪುಟದ ಕೆಳಗಿನ ಹೆಸರು ಈ ತಿಂಗಳಿಂದಲೇ ತೆಗೆಸಿದ್ದೇನೆ. ರೋಗದ ವಿಷಯ ಕೇಳಿದವರಿಗೆ ಬೇರೆ ಲಕೋಟೆಯಲ್ಲಿ ಕಳಿಸುತ್ತೇವೆ. ನಿನಗೆ ಇದರಿಂದ ಏನು ಬಂತು?

ಇದರೊಳಗೆ ನಂದೀಶನಿಗೆ ಬರೆದ ಬೇರೆ ಕಾಗದವಿದೆ. ನೀನು ಊರಲ್ಲಿರಲಿಲ್ಲ, ಅತ್ತೆ ತಿಳಿಯದೆ ಕೊಟ್ಟರು, ನಾನು ಫೋನಿನಲ್ಲಿ ಬಾಯಿಬಿಟ್ಟೆ, ನಿನ್ನ ತಪ್ಪು ಒಂದಿಷ್ಟೂ ಇಲ್ಲ ಎಂದು ಬಿಡಿಸಿ ಬರೆದು, ಇವರಿಂದಲೂ ಸಹಿ ಹಾಕಿಸಿದ್ದೇನೆ. ಇವರ ಮಾತನ್ನು ಅವನು ಎಂದೂ ತೆಗೆದುಹಾಕಿಲ್ಲ. ಕೊಟ್ಟುಬಿಡು. ನಾನೇ ಬಂದು ಅವನ ಮುಂದೆ ನಿಲ್ಲಬೇಕು ಅಂದರೂ ಬರುತ್ತೇನೆ.

ಸುಲೋಚನಕ್ಕ


ನಾಗಪುರ
2 ಮಾರ್ಚ್ 2025

ಅಕ್ಕ,

ಹೋದ ಕಾಗದದಲ್ಲಿ ಸಿಟ್ಟಿನಲ್ಲಿ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಇಲ್ಲಿಗೆ ಬರುವುದು ಬೇಡ. ಬಂದರೆ ಹಬ್ಬಕ್ಕೆ ಬನ್ನಿ, ಇದಕ್ಕಲ್ಲ.

ಪ್ರೇಮಾ ವೈನಿ ಬಂದಿದ್ದರು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಅತ್ತರು. "ಬಾಯಿಬಿಟ್ಟು ಹೇಳಾಕ ಆಗಲಾರದಕ್ಕ ಪುಸ್ತಕ ಕಳಿಸ್ಯಾಳ ಅಂತ ತಿಳ್ಕೊಂಡ್ವಿ, ಅಂಬು. ಅಷ್ಟು ದಿನಾ ಯಾರಿಗೂ ಕೊಡದಾಕಿ ಇದೊಂದನ್ನ ಚೀಲದಾಗ ಹಾಕಿದ್ದಿ. ಹಂಗಾರ ಇದು ನಮಗ ಹೇಳಿದ್ದ ಅಂತ ಅನ್ಕೊಂಡ್ವಿ. ಆದ್ರೂ ನಾಕು ದಿನಾ ಸುಮ್ನಿದ್ದೆ. ತಪ್ಪಾಗಬಾರದಂತ ಅಕ್ಕಾರಿಗೆ ಫೋನ್ ಮಾಡಿ ಕೇಳಿದೆ" ಅಂದರು. ಅವರಲ್ಲಿ ಒಬ್ಬರೂ ಕೆಟ್ಟದ್ದು ಯೋಚಿಸಿಲ್ಲ ಅಕ್ಕ. ನನ್ನ ಮೌನಕ್ಕೆ ಅವರೆಲ್ಲ ಕೂಡಿ ಒಂದು ಒಳ್ಳೆಯ ಅರ್ಥ ಹಚ್ಚಿದ್ದರು. ನನಗೆ ಆ ಒಳ್ಳೆಯತನ ಇರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಚಹಾ ಮಾಡಿಕೊಟ್ಟೆ.

ನಿಮ್ಮ ಪತ್ರಿಕೆಯನ್ನು ಬೈದೆ. ಆದರೆ ಖರೆ ಹೇಳಬೇಕೆಂದರೆ, ಎಲ್ಲರಿಗೂ ಬರುವ ಪುಸ್ತಕದಲ್ಲಿ ಆ ಲೇಖನ ಬಂದಿದ್ದರೆ ನಾನು ಪುಟ ತಿರುವಿ ಅಡುಗೆಯ ಪುಟಕ್ಕೆ ಹೋಗುತ್ತಿದ್ದೆ. ನನ್ನ ಹೆಸರಿದ್ದದ್ದಕ್ಕೇ ಬಚ್ಚಿಡಲು ಆಗಲಿಲ್ಲ. ಆದರೂ ನನ್ನ ಹೆಸರಿನ ಪ್ರತಿ ಇನ್ನು ಬೇಡ. ಅಷ್ಟು ನೇರವಾಗಿ ನನ್ನೊಬ್ಬಳನ್ನೇ ನೋಡುವ ಪುಸ್ತಕ ನನಗೆ ತಡೆಯಲಾಗುವುದಿಲ್ಲ.

ನೀವು ಇಟ್ಟ ಕಾಗದವನ್ನು ಅವರಿಗೆ ಕೊಟ್ಟಿಲ್ಲ. ಕೊಡಬೇಕೆಂದೇ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟಿದ್ದೆ. ಅವರು ಎದುರಿಗೆ ಕೂತು ಉಣ್ಣುವಾಗೆಲ್ಲ ಈಗ ಕೊಡಲೇ ಅನ್ನಿಸುತ್ತಿತ್ತು. ಅವರು ಎದ್ದು ಕೈತೊಳೆಯುತ್ತಿದ್ದರು.

ಹೋದ ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅತ್ತೆ ಗುಡಿಗೆ ಹೋಗಿದ್ದರು. ಇವರು ಬಂದು ಎದುರಿಗೆ ಕೂತು ತಾವೂ ಒಂದು ಕಟ್ಟು ಬಿಚ್ಚಿದರು. ಎಷ್ಟೋ ಹೊತ್ತಾದಮೇಲೆ ತಾವೇ ಮಾತು ತೆಗೆದರು.

"ಆ ಪುಸ್ತಕ ನೀನ ಕೊಟ್ಟಿದ್ದೇನು? ಖರೆ ಹೇಳು."

ನಿಮ್ಮ ಕಾಗದ ಕೈಗೆಟುಕುವಲ್ಲೇ ಇತ್ತು. ಕೊಟ್ಟಿದ್ದರೆ ತಪ್ಪು ಅತ್ತೆಯ ಮೇಲೆ, ನಿಮ್ಮ ಮೇಲೆ ಹೋಗುತ್ತಿತ್ತು, ನಾನು ಪಾರಾಗುತ್ತಿದ್ದೆ. ಆಮೇಲೆ ಅವರಿಗೇನು ಉಳಿಯುತ್ತಿತ್ತು? ತಮ್ಮ ಬಗ್ಗೆ ದಿಗಿಲುಪಟ್ಟು ತಡೆದವರು ಮನೆಯಲ್ಲಿ ಯಾರೂ ಇರಲಿಲ್ಲ, ಒಂದು ಪುಸ್ತಕ ದಾರಿ ತಪ್ಪಿದ್ದಕ್ಕೆ ತಾವು ಗಾಡಿ ಇಳಿಯಬೇಕಾಯಿತು ಎಂದು ತಿಳಿದುಕೊಂಡು ಬದುಕಬೇಕಿತ್ತು. ಅದು ನನಗೆ ಬೇಡವಾಯಿತು.

"ಹೌದು, ನಾನ ಕೊಟ್ಟೆ" ಅಂದೆ.

ಬೈಯುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡೆ. ಸೊಪ್ಪು ಬಿಡಿಸುತ್ತಲೇ ಇದ್ದರು.

"ನಿನಗ ಯಾವಾಗ ಗೊತ್ತಾತು?"

"ಕರೆಂಟ್ ಹೋದಾಗ. ಹ್ವಾದ ವರ್ಷದ ಚಳಿಗಾಲದಾಗ."

ಅವರ ಕೈ ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ ಅಕ್ಕ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮತ್ತ ಇಷ್ಟು ದಿನಾ ಯಾಕ ಕೊಡಲಿಲ್ಲ ಅಂಬು? ಒಮ್ಮೆ ಡಾಕ್ಟರ್ ಅಂದಿ, ನಾ ಗದರಿಸಿದೆ, ಸುಮ್ನಾಗಿಬಿಟ್ಟಿ. ರಾತ್ರಿ ಡ್ಯೂಟಿಗೆ ಹೊಂಟಾಗೊಮ್ಮೆ ಬಾಗಿಲದಾಗ ನಿಂದರತಿದ್ದೆ, ಇವತ್ತರ ಇಕಿ 'ಹೋಗಬ್ಯಾಡ್ರಿ' ಅಂತಾಳೇನು ಅಂತ. ನೀ ಬುತ್ತಿ ಕಟ್ಟಿ ಕೈಯಾಗ ಕೊಡತಿದ್ದಿ."

ಅವರ ಮುಂದಿದ್ದ ಸೊಪ್ಪನ್ನೂ ನನ್ನ ಕಡೆ ಎಳೆದುಕೊಂಡು ಬಿಡಿಸತೊಡಗಿದೆ.

ಅಂಬುಜಾ